ಕೇಳುವ ಮುನ್ನ ಏನನ್ನು ಬದಲಿಸುತ್ತೀರಿ ಎಂದು ಹೇಳಿ: ಕಂಪನಿಗಳ ಎಚ್‌ಆರ್ ಮುಖ್ಯಸ್ಥರಿಗೆ ಬಹಿರಂಗ ಪತ್ರ

ಇವರಿಗೆ,
ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರು,
ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಮತ್ತು ಸೇವಾ ಕಂಪನಿಗಳು

ವಿಷಯ: ವರ್ಷವರ್ಷವೂ ನಡೆಯುವ ಎಂಗೇಜ್‌ಮೆಂಟ್ ಸರ್ವೆಗಳಿಂದ ನೌಕರರ ಕೆಲಸದ ಸ್ಥಿತಿ ಸುಧಾರಿಸದೇ ಇರುವ ಕುರಿತು

ಮಾನ್ಯರೇ,

ನಾನು ಹೊರವರ್ತುಲ ರಸ್ತೆಯ ಒಂದು ಸೇವಾ ಕಂಪನಿಯಲ್ಲಿ ಟೀಮ್ ಲೀಡ್ ಆಗಿ ಕೆಲಸ ಮಾಡುತ್ತಿದ್ದೇನೆ. ನೌಕರರು ಕೆಲಸದಲ್ಲಿ ಎಷ್ಟು ಮನಸಾರೆ ತೊಡಗಿದ್ದಾರೆಂದು ಅಳೆಯಲು ನೀವು ಕಳುಹಿಸುವ ಎಂಗೇಜ್‌ಮೆಂಟ್ ಸರ್ವೆಗೆ ಉತ್ತರ ಬರೆಯುವವರಲ್ಲಿ ನಾನೂ ಒಬ್ಬ. ಅದರ ಫಲಿತಾಂಶ ಬಂದಾಗ ಅಂಕಗಳನ್ನು ಕೆಂಪು, ಹಳದಿ, ಹಸಿರು ಬಣ್ಣದಲ್ಲಿ ತೋರಿಸುವ ಡ್ಯಾಶ್‌ಬೋರ್ಡನ್ನು ತಂಡದ ಮುಂದಿಟ್ಟು ವಿವರಿಸಬೇಕಾದವನೂ ನಾನೇ. ಹೀಗೆ ಎರಡೂ ಕಡೆ ನಿಂತು ಕಂಡದ್ದನ್ನು ತಮ್ಮ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ. ಇದು ಯಾವುದೋ ಒಂದು ಕಂಪನಿಯ ಮೇಲಿನ ದೂರಲ್ಲ. ಬೇರೆ ಬೇರೆ ಕಡೆ ಕೆಲಸ ಮಾಡುವ ಗೆಳೆಯರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ ಆದ್ದರಿಂದ, ಒಬ್ಬರಿಗೆ ಬರೆಯುವ ಬದಲು ತಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಸರ್ವೆ ಹೇಗೆ ನಡೆಯುತ್ತದೆ ಎಂಬುದು ತಮಗೆ ತಿಳಿದದ್ದೇ. ಮೊದಲು ಆಡಳಿತ ನಿರ್ದೇಶಕರ ಹೆಸರಿನಲ್ಲಿ ಒಂದು ಇಮೇಲ್ ಬರುತ್ತದೆ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯವೆಂದೂ ಉತ್ತರಗಳು ಗೋಪ್ಯವೆಂದೂ ಅದರಲ್ಲಿ ಬರೆದಿರುತ್ತದೆ. ಆಮೇಲೆ ನೆನಪೋಲೆಗಳು. ಮೂರನೆಯ ದಿನದಿಂದ ಯಾವ ತಂಡದಲ್ಲಿ ಶೇಕಡಾ ಎಷ್ಟು ಜನ ಉತ್ತರಿಸಿದ್ದಾರೆ ಎಂಬ ಪಟ್ಟಿ ಹೊರಬೀಳುತ್ತದೆ. ನೂರಕ್ಕೆ ನೂರು ಮುಟ್ಟಿದ ತಂಡಕ್ಕೆ ಕೇಕ್ ಕತ್ತರಿಸುವ ಭಾಗ್ಯ. ಅಲ್ಲಿಂದ ಮುಂದೆ ಎರಡು ಮೂರು ತಿಂಗಳು ಸದ್ದಿರುವುದಿಲ್ಲ. ಕೊನೆಗೆ ಎಲ್ಲ ನೌಕರರನ್ನೂ ಸೇರಿಸುವ ಒಂದು ‘ಟೌನ್‌ಹಾಲ್’ ಸಭೆಯಲ್ಲಿ ಒಟ್ಟು ಅಂಕ ಹೋದ ವರ್ಷಕ್ಕಿಂತ ಎಷ್ಟು ಏರಿತೆಂದು ತೋರಿಸಿ, ಎರಡು ವಿಷಯಗಳ ಮೇಲೆ ಈ ವರ್ಷ ಗಮನ ಹರಿಸುತ್ತೇವೆ ಎಂದು ಘೋಷಿಸಲಾಗುತ್ತದೆ. ಆ ಎರಡು ವಿಷಯಗಳು ಏನಾದವು ಎಂದು ಮರುವರ್ಷ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ.

ಈ ನಡುವೆ ಒಂದು ತಂಡದೊಳಗೆ ಏನಾಗುತ್ತದೆ ಎಂಬುದು ತಮ್ಮ ಡ್ಯಾಶ್‌ಬೋರ್ಡಿನಲ್ಲಿ ಕಾಣುವುದಿಲ್ಲ. ನನ್ನ ಕಣ್ಣೆದುರು ನಡೆದ ಒಂದನ್ನು ಹೇಳುತ್ತೇನೆ. ನಮ್ಮ ಪಕ್ಕದ ತಂಡ ರಾತ್ರಿ ಪಾಳಿಯದು. ಪಾಳಿ ಮುಗಿಯುವುದು ನಸುಕಿನ ಎರಡೂವರೆಗೆ. ಮನೆಗೆ ಬಿಡುವ ಕ್ಯಾಬು ಮಾತ್ರ, ಬೇರೆ ತಂಡದವರೂ ಸೇರಿ ಸೀಟು ಭರ್ತಿಯಾಗುವವರೆಗೆ, ಅಂದರೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಕಳೆಯುವವರೆಗೆ ಹೊರಡುತ್ತಿರಲಿಲ್ಲ. ಆ ತಂಡದ ಒಬ್ಬ ಹೆಣ್ಣುಮಗಳು ಸರ್ವೆಯ ಕೊನೆಯಲ್ಲಿದ್ದ ಖಾಲಿ ಜಾಗದಲ್ಲಿ ಇದನ್ನು ಬರೆದರು: ಯಾವ ಗೇಟಿನ ಬಳಿ ಕಾಯಬೇಕು, ಅಲ್ಲಿ ಕೂರಲು ಜಾಗವಿಲ್ಲದಿರುವುದು, ಮನೆ ಸೇರುವಾಗ ಹಾಲಿನ ಗಾಡಿ ಬಂದಿರುವುದು, ಎಲ್ಲವನ್ನೂ ಬಿಡಿಸಿ ಬರೆದರು. ಫಲಿತಾಂಶ ಬಂದ ವಾರ ಅವರ ಮ್ಯಾನೇಜರ್ ತಂಡದ ಸಭೆಯಲ್ಲಿ ಆ ಟಿಪ್ಪಣಿಯನ್ನು ಪರದೆಯ ಮೇಲೆ ತೋರಿಸಿ, ‘ಕ್ಯಾಬ್ ವಿಚಾರ ಯಾರದ್ದು? ನನಗೇ ನೇರವಾಗಿ ಹೇಳಬಹುದಿತ್ತಲ್ಲ?’ ಎಂದರು. ತಂಡದಲ್ಲಿ ಇದ್ದದ್ದೇ ಇಬ್ಬರು ಮಹಿಳೆಯರು. ಆ ಮ್ಯಾನೇಜರ್ ಕೆಟ್ಟವರೇನಲ್ಲ. ಅವರ ದನಿಯಲ್ಲಿ ಬೆದರಿಕೆಯೂ ಇರಲಿಲ್ಲ. ಆದರೆ ಆ ಪ್ರಶ್ನೆ ಕೇಳಿದ ಕ್ಷಣದಲ್ಲೇ ಆ ಕೋಣೆಯಲ್ಲಿ ಕೂತಿದ್ದ ಎಲ್ಲರಿಗೂ ತಿಳಿಯಬೇಕಾದ್ದು ತಿಳಿದುಹೋಯಿತು. ಮರುವರ್ಷ ಆ ಹೆಣ್ಣುಮಗಳು ಎಲ್ಲ ಪ್ರಶ್ನೆಗೂ ಐದರಲ್ಲಿ ನಾಲ್ಕು ಅಂಕ ಕೊಟ್ಟು, ಖಾಲಿ ಜಾಗವನ್ನು ಖಾಲಿಯೇ ಬಿಟ್ಟರಂತೆ. ಉಳಿದವರೂ ಹಾಗೆಯೇ ಮಾಡಿದರು. ತಂಡದ ಅಂಕ ಏರಿತು, ಮ್ಯಾನೇಜರಿಗೆ ಮೆಚ್ಚುಗೆಯ ಪತ್ರ ಬಂತು. ಕ್ಯಾಬು ಹೊರಡುವ ಹೊತ್ತು ಬದಲಾಗಲಿಲ್ಲ.

ರಾತ್ರಿ ಪಾಳಿಯ ಮಹಿಳೆಯರಿಗೆ ಮನೆಯಿಂದ ಮನೆಗೆ ಸುರಕ್ಷಿತ ವಾಹನ ಒದಗಿಸುವುದು ಕಂಪನಿಯ ಔದಾರ್ಯವಲ್ಲ, ಆ ಪಾಳಿಯಲ್ಲಿ ಅವರನ್ನು ದುಡಿಸಿಕೊಳ್ಳಲು ರಾಜ್ಯದ ಕಾನೂನು ವಿಧಿಸಿದ ಷರತ್ತು. ಕಾನೂನು ಹೊರಿಸಿದ ಹೊಣೆಯೊಂದು ಅಭಿಪ್ರಾಯ ಸಂಗ್ರಹದ ಒಂದು ಟಿಪ್ಪಣಿಯಾಗಿ, ಅಲ್ಲಿಂದ ಒಂದು ಬಣ್ಣವಾಗಿ, ಕೊನೆಗೆ ಮೌನವಾಗಿ ಬದಲಾದದ್ದನ್ನು ನಾನು ನೋಡಿದೆ. ಸರ್ವೆಗಳು ಸೋಲುತ್ತಿರುವುದು ಎಲ್ಲಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನ್ನಲ್ಲಿಲ್ಲ. ಪ್ರಶ್ನೆಗಳು ತಪ್ಪಾಗಿವೆ ಎಂಬುದು ನನ್ನ ಆಕ್ಷೇಪವಲ್ಲ. ಉತ್ತರ ಬಂದ ಮೇಲೆ ಏನನ್ನಾದರೂ ಬದಲಿಸುವ ಅಧಿಕಾರ ಯಾರಿಗಿದೆ, ಎಷ್ಟು ದಿನದೊಳಗೆ, ಎಷ್ಟು ಹಣದಲ್ಲಿ ಎಂಬುದನ್ನು ನಿರ್ಧರಿಸದೆ ಕೇಳಲಾಗುತ್ತಿದೆ ಎಂಬುದೇ ನನ್ನ ಆಕ್ಷೇಪ.

ಗೋಪ್ಯತೆಯ ಮಾತನ್ನು ಮೊದಲು ತೆಗೆದುಕೊಳ್ಳೋಣ. ಪ್ರತಿಯೊಬ್ಬರಿಗೂ ಬರುವ ಕೊಂಡಿ ಬೇರೆಬೇರೆ. ಉತ್ತರಿಸದವರಿಗೆ ಮಾತ್ರ ನೆನಪೋಲೆ ಹೋಗುವುದೇ ಇದಕ್ಕೆ ಸಾಕ್ಷಿ. ಅಂದರೆ ಉತ್ತರಿಸಿದವರು ಯಾರೆಂದು ವ್ಯವಸ್ಥೆಗೆ ಗೊತ್ತು. ಮ್ಯಾನೇಜರಿಗೆ ಹೇಳುವುದಿಲ್ಲ ಎಂಬುದಷ್ಟೇ ನೀವು ಕೊಡುವ ಮಾತು. ಒಂದು ಗುಂಪಿನಲ್ಲಿ ಇಂತಿಷ್ಟು ಜನಕ್ಕಿಂತ ಕಡಿಮೆ ಉತ್ತರಗಳಿದ್ದರೆ ಫಲಿತಾಂಶ ತೋರಿಸುವುದಿಲ್ಲ ಎಂಬ ನಿಯಮ ಇದೆ ಎನ್ನುತ್ತೀರಿ, ನಿಜ. ಆದರೆ ವಿಭಾಗ, ಊರು, ಅನುಭವದ ವರ್ಷ, ಲಿಂಗ ಎಂದು ಒಂದೊಂದೇ ಜರಡಿ ಹಿಡಿಯುತ್ತ ಹೋದರೆ ಎಂಟು ಮಂದಿಯ ತಂಡದಲ್ಲಿ ಯಾರು ಏನು ಹೇಳಿದರೆಂದು ಊಹಿಸಲು ಹೆಚ್ಚು ಬುದ್ಧಿ ಬೇಕಿಲ್ಲ. ಬರೆದ ಟಿಪ್ಪಣಿಯಾದರೆ ಅದರ ಇಂಗ್ಲಿಷಿನ ಧಾಟಿಯಿಂದಲೇ ಆಳು ಸಿಕ್ಕಿಬೀಳುತ್ತಾನೆ. ಮುಂದಿನ ತಿಂಗಳು ಅಪ್ರೈಸಲ್, ಅಂದರೆ ವರ್ಷದ ಕೆಲಸದ ಮೌಲ್ಯಮಾಪನ, ಇಟ್ಟುಕೊಂಡು, ನೋಟಿಸ್ ಪೀರಿಯಡ್ ತೊಂಬತ್ತು ದಿನವಿರುವಾಗ, ಮನೆ ಸಾಲದ ಕಂತು ತಲೆಯ ಮೇಲಿರುವಾಗ, ಯಾವ ನೌಕರ ಇಂಥ ಭರವಸೆಯನ್ನು ನಂಬಿ ಹೊಟ್ಟೆಯೊಳಗಿನ ಮಾತನ್ನು ಹೊರಗೆಡಹುತ್ತಾನೆ?

ಎಂಗೇಜ್‌ಮೆಂಟ್ ಎಂಬ ಕಲ್ಪನೆಯನ್ನು ಸಂಶೋಧನೆಯ ಲೋಕಕ್ಕೆ ತಂದ ವಿಲಿಯಂ ಕಾನ್ ಅವರ ಲೇಖನ ಪ್ರಕಟವಾದದ್ದು 1990ರಲ್ಲಿ. ಬೇಸಿಗೆ ಶಿಬಿರವೊಂದರ ಮಾರ್ಗದರ್ಶಕರು ಮತ್ತು ವಾಸ್ತುಶಿಲ್ಪ ಸಂಸ್ಥೆಯೊಂದರ ನೌಕರರ ನಡುವೆ ಇದ್ದು, ಅವರನ್ನು ಗಮನಿಸಿ, ಅವರೊಡನೆ ಮಾತಾಡಿ ಕಾನ್ ಬರೆದ ಲೇಖನವದು. ಮನುಷ್ಯ ತನ್ನ ಕೆಲಸದಲ್ಲಿ ಮನಸಾರೆ ತೊಡಗಬೇಕಾದರೆ ಮೂರು ಸಂಗತಿಗಳು ಬೇಕೆಂದು ಅವರು ಕಂಡರು: ಕೆಲಸಕ್ಕೆ ಅರ್ಥವಿದೆ ಎನಿಸಬೇಕು, ಮಾಡಲು ದೇಹ ಮತ್ತು ಮನಸ್ಸಿನಲ್ಲಿ ಕಸುವು ಉಳಿದಿರಬೇಕು, ಮತ್ತು ತನ್ನನ್ನು ತಾನು ತೋರಿಸಿಕೊಂಡರೆ ತನ್ನ ಸ್ಥಾನಕ್ಕೂ ಮುಂದಿನ ದಾರಿಗೂ ಕುತ್ತು ಬರುವುದಿಲ್ಲ ಎಂಬ ನಿರ್ಭಯ ಇರಬೇಕು. ಈ ಮೂರನೆಯದನ್ನು ಮತ್ತೊಮ್ಮೆ ಓದಬೇಕೆಂದು ಪ್ರಾರ್ಥಿಸುತ್ತೇನೆ. ಭಯವಿರುವ ಕಡೆ ಎಂಗೇಜ್‌ಮೆಂಟ್ ಇರುವುದಿಲ್ಲ. ಅಷ್ಟೇ ಅಲ್ಲ, ಭಯವಿರುವ ಕಡೆ ಅದನ್ನು ಅಳೆಯಲೂ ಆಗುವುದಿಲ್ಲ. ಯಾವ ತಂಡದಲ್ಲಿ ಪರಿಸ್ಥಿತಿ ತೀರಾ ಕೆಟ್ಟಿದೆಯೋ ಅಲ್ಲಿಂದಲೇ ಎಲ್ಲಕ್ಕಿಂತ ಕಡಿಮೆ ಸತ್ಯ ತಮ್ಮನ್ನು ತಲುಪುತ್ತದೆ.

ಕೇಳುವುದು ಹೇಗೆ ಎಂಬ ಪಾಠವೂ ಹೊಸದಲ್ಲ. ಅಮೆರಿಕದ ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1928ರಿಂದ 1930ರವರೆಗೆ 20 ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಒಬ್ಬೊಬ್ಬರಾಗಿ ಮಾತಾಡಿಸಿದರು. ಆರಂಭದಲ್ಲಿ ಸಿದ್ಧ ಪ್ರಶ್ನೆಗಳಿದ್ದವು. ಆದರೆ ಕಾರ್ಮಿಕರು ಕೇಳಿದ್ದನ್ನು ಬಿಟ್ಟು ತಮಗೆ ಮುಖ್ಯವೆನಿಸಿದ್ದರ ಕಡೆಗೇ ಮಾತನ್ನು ಎಳೆಯುತ್ತಿದ್ದರಿಂದ, ಪ್ರಶ್ನೆಪಟ್ಟಿಯನ್ನು ಬದಿಗಿಟ್ಟು ಅವರು ಹೇಳಬೇಕೆಂದದ್ದನ್ನು ಹೇಳಲು ಬಿಟ್ಟರು. ಸುಮಾರು ನೂರು ವರ್ಷಗಳ ನಂತರ ನಾವು ಮತ್ತೆ ಒಂದರಿಂದ ಐದರವರೆಗಿನ ಗುಂಡಿಗಳಿಗೆ ಮರಳಿದ್ದೇವೆ, ‘ಸಂಸ್ಥೆಯ ಧ್ಯೇಯ ನನಗೆ ಸ್ಫೂರ್ತಿ ನೀಡುತ್ತದೆ’ ಎಂಬ ಸಾಲಿನ ಮುಂದೆ ಗುರುತು ಹಾಕಿಸುತ್ತಿದ್ದೇವೆ. ನನ್ನ ತಂಡದ ಹುಡುಗರಿಗೆ ಸಂಸ್ಥೆಯ ಧ್ಯೇಯದ ಬಗ್ಗೆ ತಕರಾರಿಲ್ಲ. ಶನಿವಾರ ರಾತ್ರಿ ಹತ್ತಕ್ಕೆ ಬರುವ ಕ್ಲೈಂಟ್ ಕರೆಗೆ ಪರಿಹಾರ ರಜೆ ಉಂಟೋ ಇಲ್ಲವೋ ಎಂಬುದು ಅವರ ಪ್ರಶ್ನೆ, ಮತ್ತು ಅದು ಸರ್ವೆಯಲ್ಲಿಲ್ಲ.

ಇಷ್ಟೆಲ್ಲ ಅಳತೆಯಿಂದ ಆಗಿರುವುದೇನು? ಈ ಬಗೆಯ ಸರ್ವೆಗೆ ಜಗತ್ತಿನಾದ್ಯಂತ ಹೆಸರಾದ ಗ್ಯಾಲಪ್ ಸಂಸ್ಥೆಯ ಲೆಕ್ಕವನ್ನೇ ನೋಡಿ. ಜಗತ್ತಿನ ನೌಕರರಲ್ಲಿ ಕೆಲಸದಲ್ಲಿ ಮನಸಾರೆ ತೊಡಗಿರುವವರ ಪ್ರಮಾಣ 2023ರಲ್ಲಿ ಶೇ. 23 ಇದ್ದದ್ದು 2024ರಲ್ಲಿ ಶೇ. 21ಕ್ಕೆ ಇಳಿಯಿತು. ಇಂಥ ಸರ್ವೆಗಳ ತವರಾದ ಅಮೆರಿಕದಲ್ಲಿ 2020ರಲ್ಲಿ ಶೇ. 36ರವರೆಗೆ ಏರಿದ್ದ ಪ್ರಮಾಣ 2024ರಲ್ಲಿ ಶೇ. 31ಕ್ಕೆ ಬಂದು ನಿಂತಿತು. ಈ ಇಳಿಕೆಗೆ ಸಾಂಕ್ರಾಮಿಕ, ಬೆಲೆ ಏರಿಕೆ, ಕೆಲಸ ಕಡಿತ ಹೀಗೆ ಹಲವು ಕಾರಣಗಳಿರಬಹುದು. ಅಷ್ಟನ್ನೂ ಸರ್ವೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಪ್ರತಿ ವರ್ಷ ಕೋಟ್ಯಂತರ ಜನರನ್ನು ಕೇಳುತ್ತ ಬಂದರೂ ಐವರಲ್ಲಿ ಒಬ್ಬರ ಆಸುಪಾಸಿನಲ್ಲೇ ಲೆಕ್ಕ ನಿಂತಿರುವಾಗ, ಕೇಳುವುದರಿಂದಲೇ ಸುಧಾರಣೆ ಬರುತ್ತದೆ ಎಂಬ ನಂಬಿಕೆಯನ್ನು ಪರಿಶೀಲಿಸಬೇಕಾದ ಹೊಣೆ ಅದನ್ನು ನಡೆಸುವವರ ಮೇಲಿದೆ.

ಅಂಕವನ್ನು ಮ್ಯಾನೇಜರುಗಳ ಬೋನಸ್ಸಿಗೋ ಬಡ್ತಿಗೋ ಜೋಡಿಸಿದ ಮೇಲಂತೂ ಇದ್ದ ಸ್ವಲ್ಪ ಉಪಯೋಗವೂ ಹೋಗುತ್ತದೆ. ಸರ್ವೆಯ ಹಿಂದಿನ ವಾರ ತಂಡದ ಊಟ, ಇದ್ದಕ್ಕಿದ್ದಂತೆ ಮಂಜೂರಾಗುವ ರಜೆಗಳು, ‘ನಾಲ್ಕಕ್ಕಿಂತ ಕಡಿಮೆ ಕೊಟ್ಟರೆ ನಮ್ಮ ತಂಡಕ್ಕೇ ಕೆಟ್ಟ ಹೆಸರು’ ಎಂಬ ಮಾತು, ಇವೆಲ್ಲ ನಾನು ಕಿವಿಯಾರೆ ಕೇಳಿ ಕಣ್ಣಾರೆ ಕಂಡವು. ಹಾಗೆ ಮಾಡುವ ಮ್ಯಾನೇಜರನ್ನು ನಾನು ದೂರುವುದಿಲ್ಲ. ಸಂಬಳದ ಪ್ರಶ್ನೆ ಬಂದಾಗ ಯಾರಾದರೂ ಹಾಗೆ ಮಾಡಿಯಾರು. ಅಳತೆಯೇ ಗುರಿಯಾದಾಗ ಅದು ಅಳತೆಯಾಗಿ ಉಳಿಯುವುದಿಲ್ಲ ಎಂಬುದು ಅರ್ಥಶಾಸ್ತ್ರ ಓದಿದ ಎಲ್ಲರಿಗೂ ಗೊತ್ತಿರುವ ತತ್ವ, ಅದನ್ನು ಗೊತ್ತಿದ್ದೂ ಮೀರಲಾಗುತ್ತಿದೆ.

ಇನ್ನು ಫಲಿತಾಂಶ ಬಂದ ನಂತರದ ಕಾರ್ಯಯೋಜನೆ. ಟೀಮ್ ಲೀಡ್‌ಗಳಾದ ನಮಗೆ ಒಂದು ನಮೂನೆ ಕಳುಹಿಸಿ, ಕಡಿಮೆ ಅಂಕ ಬಂದ ಎರಡು ವಿಷಯಗಳಿಗೆ ಪರಿಹಾರ ಬರೆದು ಹದಿನೈದು ದಿನದೊಳಗೆ ಸಲ್ಲಿಸಿ ಎನ್ನುತ್ತೀರಿ. ಕಡಿಮೆ ಅಂಕ ಬರುವುದು ಸಾಮಾನ್ಯವಾಗಿ ಸಂಬಳ, ಬಡ್ತಿ, ಕೆಲಸದ ಹೊರೆ, ಈ ಮೂರರಲ್ಲಿ. ಸಂಬಳ ನಿಗದಿಯಾಗುವುದು ಬಜೆಟ್ಟಿನಲ್ಲಿ. ಬಡ್ತಿ ನಿಗದಿಯಾಗುವುದು ಇಂತಿಷ್ಟು ಜನರನ್ನು ಕೆಳದರ್ಜೆಗೆ ಹಾಕಲೇಬೇಕೆಂಬ ಬೆಲ್ ಕರ್ವ್ ಲೆಕ್ಕದಲ್ಲಿ. ಹೊರೆ ನಿಗದಿಯಾಗುವುದು ಎಂಟು ಜನರ ಕೆಲಸವನ್ನು ಆರು ಜನರಿಂದ ಮಾಡಿಸುತ್ತೇವೆಂದು ಕ್ಲೈಂಟಿನೊಡನೆ ಸಹಿ ಹಾಕಿದ ಒಪ್ಪಂದದಲ್ಲಿ. ಇವುಗಳಲ್ಲಿ ಒಂದಾದರೂ ಟೀಮ್ ಲೀಡ್‌ನ ಕೈಯಲ್ಲಿದೆಯೇ? ಇಲ್ಲದ್ದರಿಂದ ನಾವು ನಮೂನೆಯಲ್ಲಿ ಬರೆಯುವುದು ತಿಂಗಳಿಗೊಮ್ಮೆ ತಂಡದ ಊಟ, ಶುಕ್ರವಾರದ ಆಟ, ಮೆಚ್ಚುಗೆಯ ಇಮೇಲ್. ತಮ್ಮ ವಿಭಾಗದಲ್ಲಿ ಕೆಲಸ ಮಾಡುವ ಕಿರಿಯ ಅಧಿಕಾರಿಗಳ ಪಾಡೂ ಬೇರೆಯಲ್ಲ. ಟಿಪ್ಪಣಿಗಳನ್ನೆಲ್ಲ ಓದಿ ಮರುಗುವವರು ಅವರೇ, ಮೇಲಿನವರಿಗೆ ಆ ಮಾತನ್ನು ದಾಟಿಸಲಾರದೆ ಸುಮ್ಮನಾಗುವವರೂ ಅವರೇ. ಅವರ ಬಗ್ಗೆ ನನಗೆ ಗೌರವವಿದೆ. ಅಧಿಕಾರವಿರುವವರು ಕಾಣದಂತೆ ಉಳಿದು, ಅಧಿಕಾರವಿಲ್ಲದವರೇ ಪರಸ್ಪರ ಸಮಾಧಾನ ಹೇಳಿಕೊಳ್ಳುವ ಏರ್ಪಾಟನ್ನು ಸುಧಾರಣೆ ಎಂದು ಕರೆಯಲು ಮಾತ್ರ ನಾನು ಒಪ್ಪಲಾರೆ.

ಬಹುಪಾಲು ಸಂಗತಿಗಳು ಕೇಳದೆಯೇ ಗೊತ್ತಾಗುವಂಥವು ಎಂಬುದನ್ನೂ ಹೇಳಬೇಕು. ಯಾವ ತಂಡದವರು ರಾತ್ರಿ ಎಷ್ಟು ಹೊತ್ತಿಗೆ ಕಾರ್ಡ್ ತೋರಿಸಿ ಹೊರಬೀಳುತ್ತಾರೆ, ಯಾವ ಮ್ಯಾನೇಜರ್ ಕೈಕೆಳಗೆ ಜನ ನಿಲ್ಲುವುದಿಲ್ಲ, ಯಾರ ರಜೆಗಳು ವರ್ಷದ ಕೊನೆಯಲ್ಲಿ ಬಳಕೆಯಾಗದೆ ಹಾಳಾಗುತ್ತವೆ, ಕೆಲಸ ಬಿಟ್ಟು ಹೋಗುವವರು ಕೊನೆಯ ದಿನ ಏನು ಹೇಳಿ ಹೋಗುತ್ತಾರೆ, ಇವೆಲ್ಲ ತಮ್ಮ ಕಡತಗಳಲ್ಲೇ ಇವೆ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರ ಸಿಟ್ಟು ಹಿಂಸೆಯಾಗಿ ಸ್ಫೋಟಿಸಿತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಂದಾಯವಾಗಿರಲಿಲ್ಲವೆಂದು ಆಮೇಲೆ ಕಂಪನಿಯೇ ಒಪ್ಪಿಕೊಂಡಿತು. ಅದನ್ನು ತಿಳಿಯಲು ಯಾರ ಅಭಿಪ್ರಾಯವೂ ಬೇಕಿರಲಿಲ್ಲ. ಹಾಜರಿ ಮತ್ತು ಸಂಬಳದ ಲೆಕ್ಕವನ್ನು ತೆರೆದು ನೋಡಿದ್ದರೆ ಸಾಕಿತ್ತು.

ಅಲ್ಲಿದ್ದವರಲ್ಲಿ ದೊಡ್ಡ ಸಂಖ್ಯೆಯವರು ಗುತ್ತಿಗೆ ಕಾರ್ಮಿಕರು ಎಂಬುದು ನಮ್ಮ ಕಚೇರಿಗಳಿಗೂ ಅನ್ವಯಿಸುವ ಮಾತು. ನೆಲ ಒರೆಸುವ ಅಮ್ಮಂದಿರು, ಗೇಟಿನ ಸೆಕ್ಯುರಿಟಿಯವರು, ಕ್ಯಾಂಟೀನಿನ ಹುಡುಗರು, ಕ್ಯಾಬ್ ಚಾಲಕರು ನಮ್ಮ ಸರ್ವೆಯ ಪಟ್ಟಿಯಲ್ಲೇ ಇಲ್ಲ, ಏಕೆಂದರೆ ಅವರು ಗುತ್ತಿಗೆದಾರನ ಲೆಕ್ಕಕ್ಕೆ ಸೇರಿದವರು. ಅವರಿಗೆ ಕಂಪನಿಯ ಇಮೇಲ್ ಇಲ್ಲ. ಇದ್ದರೂ ಪ್ರಶ್ನೆಗಳು ಇಂಗ್ಲಿಷಿನಲ್ಲಷ್ಟೇ ಇರುತ್ತವೆ. ಒಂದು ಕಟ್ಟಡದಲ್ಲಿ ದುಡಿಯುವವರಲ್ಲಿ ಅತಿ ಕಡಿಮೆ ಸಂಬಳದವರನ್ನು ಹೊರಗಿಟ್ಟು ಪಡೆದ ಅಂಕವನ್ನು, ಕೆಲಸ ಮಾಡಲು ಅತ್ಯುತ್ತಮ ಸ್ಥಳವೆಂಬ ಫಲಕವಾಗಿ ಅದೇ ಕಟ್ಟಡದ ಸ್ವಾಗತ ಕೊಠಡಿಯಲ್ಲಿ ತೂಗುಹಾಕುವುದು ನನಗೆ ನೋವು ತರುವ ಸಂಗತಿ. ಆ ಫಲಕದ ಧೂಳು ಒರೆಸುವವರನ್ನು ಯಾರೂ ಏನನ್ನೂ ಕೇಳಿರುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು ಎಂದು ತಾವು ಕೇಳಬಹುದು. ಹೊಸದನ್ನು ಕಂಡುಹಿಡಿಯುವ ಅಗತ್ಯವಿಲ್ಲ, ದಾರಿ ಆಗಲೇ ಇದೆ. ಕರ್ನಾಟಕ ಸರ್ಕಾರ 2014ರಲ್ಲಿ ಐಟಿ ಮತ್ತು ಐಟಿ ಆಧಾರಿತ ಸೇವಾ ಕಂಪನಿಗಳಿಗೆ, ಕೆಲಸದ ಷರತ್ತುಗಳನ್ನು ಮಾಲೀಕರು ಲಿಖಿತವಾಗಿ ನಿಗದಿಪಡಿಸಬೇಕೆನ್ನುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಟ್ಟಿತು. 2019ರಲ್ಲಿ ಮತ್ತು 2024ರಲ್ಲಿ ಅದನ್ನು ಮುಂದುವರಿಸಿತು. ಆ ವಿನಾಯಿತಿ ಪುಕ್ಕಟೆಯಾಗಿ ಸಿಕ್ಕದ್ದಲ್ಲ. ಆಡಳಿತದ ಕಡೆಯವರೂ ನೌಕರರ ಕಡೆಯವರೂ ಸಮಸಂಖ್ಯೆಯಲ್ಲಿರುವ ಕುಂದುಕೊರತೆ ನಿವಾರಣಾ ಸಮಿತಿಯನ್ನು ರಚಿಸಬೇಕು ಎಂಬುದು ಅದರ ಷರತ್ತುಗಳಲ್ಲಿ ಒಂದಾಗಿತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆಯೂ 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಲ್ಲಿ ಇಂಥ ಸಮಿತಿ ಇರಬೇಕು, ಅದರಲ್ಲಿ ಮಹಿಳೆಯರಿಗೆ ತಕ್ಕ ಪಾಲಿರಬೇಕು, ದೂರು ಬಂದ 30 ದಿನದೊಳಗೆ ವಿಚಾರಣೆ ಮುಗಿಯಬೇಕು ಎನ್ನುತ್ತದೆ. ಸರ್ವೆಯ ಫಲಿತಾಂಶ ತಮ್ಮ ಮೇಜಿನಿಂದ ನಮ್ಮ ಮೇಜಿಗೆ ಇಳಿಯಲು ತೆಗೆದುಕೊಳ್ಳುವ ಕಾಲ ಇದಕ್ಕಿಂತ ಹೆಚ್ಚು. ನನ್ನ ಪರಿಚಯದ ಎಷ್ಟೋ ನೌಕರರಿಗೆ ತಮ್ಮ ಕಂಪನಿಯಲ್ಲಿ ಇಂಥದೊಂದು ಸಮಿತಿ ಇದೆಯೆಂದೇ ಗೊತ್ತಿಲ್ಲ. ಇದೆ ಎಂದು ಕೇಳಿದವರಿಗೆ ಅದರಲ್ಲಿ ತಮ್ಮ ಪರವಾಗಿ ಕೂತವರು ಯಾರು, ಅವರನ್ನು ಆರಿಸಿದವರು ಯಾರು ಎಂದು ಗೊತ್ತಿಲ್ಲ. ಕ್ಯಾಬಿನ ಮಾತನ್ನು ಆ ಹೆಣ್ಣುಮಗಳು ಹೇಳಬೇಕಿದ್ದದ್ದು ಅಲ್ಲಿ. ಲಿಖಿತ ಉತ್ತರ ಪಡೆಯುವ ಹಕ್ಕು ಅವರಿಗೆ ದಕ್ಕಬೇಕಿದ್ದದ್ದೂ ಅಲ್ಲೇ.

ಆದ್ದರಿಂದ ನನ್ನ ವಿನಂತಿಗಳು ಇಷ್ಟು. ಮುಂದಿನ ಸರ್ವೆ ಕಳುಹಿಸುವ ಮುನ್ನ, ಹಿಂದಿನ ಸರ್ವೆಯಲ್ಲಿ ನೌಕರರು ಹೆಚ್ಚಾಗಿ ಹೇಳಿದ್ದೇನು, ಅದರಲ್ಲಿ ಯಾವುದನ್ನು ಒಪ್ಪಿದಿರಿ, ಯಾವುದನ್ನು ಒಪ್ಪಲಿಲ್ಲ, ಏಕೆ ಎಂಬುದನ್ನು ಎಲ್ಲರಿಗೂ ಬರಹದಲ್ಲಿ ತಿಳಿಸಿ. ಆಗುವುದಿಲ್ಲ ಎಂಬ ಉತ್ತರವನ್ನೂ ನಾವು ಗೌರವಿಸುತ್ತೇವೆ; ಉತ್ತರವೇ ಇಲ್ಲದಿರುವುದನ್ನು ಗೌರವಿಸುವುದು ಕಷ್ಟ. ಬದಲಿಸುವ ಉದ್ದೇಶವಿಲ್ಲದ ವಿಷಯದ ಮೇಲೆ ಪ್ರಶ್ನೆ ಕೇಳಬೇಡಿ, ಕೇಳುವ ಪ್ರತಿ ಪ್ರಶ್ನೆಯ ಮುಂದೆ ಅದಕ್ಕೆ ಹೊಣೆಯಾದ ಹಿರಿಯ ಅಧಿಕಾರಿಯ ಹುದ್ದೆಯನ್ನು ನಮೂದಿಸಿ. ಸರ್ವೆಯ ಅಂಕವನ್ನು ಮ್ಯಾನೇಜರುಗಳ ಬೋನಸ್ಸಿನಿಂದ ಬೇರ್ಪಡಿಸಿ, ನೌಕರರು ಬರೆದ ಟಿಪ್ಪಣಿಗಳನ್ನು ಬರೆದಂತೆಯೇ ಅವರ ಮ್ಯಾನೇಜರ್ ಕೈಗೆ ಕೊಡುವುದನ್ನು ಇಂದೇ ನಿಲ್ಲಿಸಿ. ಗುತ್ತಿಗೆ ನೌಕರರನ್ನೂ ಅವರ ಭಾಷೆಯಲ್ಲಿ, ಗುತ್ತಿಗೆದಾರನ ಮೇಲ್ವಿಚಾರಕ ಪಕ್ಕದಲ್ಲಿಲ್ಲದಾಗ, ಕೂರಿಸಿಕೊಂಡು ಮಾತಾಡಿಸಿ.

ಎಲ್ಲಕ್ಕಿಂತ ಮುಖ್ಯವಾಗಿ, ಕುಂದುಕೊರತೆ ಸಮಿತಿಯ ನೌಕರ ಸದಸ್ಯರನ್ನು ನೌಕರರೇ ಆರಿಸುವಂತೆ ಮಾಡಿ. ಅವರ ಹೆಸರು ಮತ್ತು ಅವರನ್ನು ಕಾಣುವ ಬಗೆಯನ್ನು ಪ್ರತಿ ಮಹಡಿಯ ಸೂಚನಾ ಫಲಕದಲ್ಲಿ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಹಾಕಿಸಿ. ಸರ್ವೆಯಲ್ಲಿ ಬಂದದ್ದನ್ನೆಲ್ಲ ಮೊದಲು ಆ ಸಮಿತಿಯ ಮುಂದಿಟ್ಟು, ಅಲ್ಲಿನ ತೀರ್ಮಾನಗಳಿಗೆ ಹಣ ಮತ್ತು ಗಡುವು ಗೊತ್ತುಪಡಿಸಿ. ಈ ಪತ್ರದ ಪ್ರತಿಯನ್ನು ರಾಜ್ಯದ ಕಾರ್ಮಿಕ ಆಯುಕ್ತರಿಗೂ ಕಳುಹಿಸುತ್ತಿದ್ದೇನೆ. ವಿನಾಯಿತಿ ಪಡೆದ ಕಂಪನಿಗಳಲ್ಲಿ ಎಷ್ಟರಲ್ಲಿ ಈ ಸಮಿತಿಗಳು ನಿಜಕ್ಕೂ ಸಭೆ ಸೇರುತ್ತಿವೆ, ಅವುಗಳ ಮುಂದೆ ವರ್ಷಕ್ಕೆ ಎಷ್ಟು ದೂರುಗಳು ಬಂದು ಎಷ್ಟು ತೀರ್ಮಾನವಾಗಿವೆ ಎಂಬ ಮಾಹಿತಿಯನ್ನು ಇಲಾಖೆ ತರಿಸಿಕೊಂಡು ಸಾರ್ವಜನಿಕರ ಮುಂದಿಡಬೇಕೆಂದು ಅವರಲ್ಲಿಯೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಟೀಮ್ ಲೀಡ್
ಬೆಂಗಳೂರು